ನೆಗೆಣ್ಣಿಯ ಮನೆ ಕಟ್ಟಿದ ಗೌಂಡಿ

ಮೊನ್ನೆ ಮಗ ಮೂರು ಕಂಪನಿಗಳ ಬಣ್ಣದ ಕಾಗದ ತಂದು ನನ್ನ ತೊಡೆಯ ಮೇಲೆ ಹರವಿದ. ನುಣುಪು ಕಾಗದ, ಮೂಗಿಗೆ ಹಿಡಿದರೆ ಹೊಸ ಬಣ್ಣದ ಡಬ್ಬಿ ತೆರೆದ ವಾಸನೆ. ಒಂದೊಂದರ ಮೇಲೂ ಒಂದೊಂದು ಮನೆ, ಮನೆಯ ಮುಂದೆ ಹಸಿರು ಹುಲ್ಲು. ಭಾಲ್ಕಿಯ ಬಿಸಿಲಿನಲ್ಲಿ ಆ ಹುಲ್ಲು ಎಷ್ಟು ದಿನ ಬದುಕೀತೋ! ನಮ್ಮ ಹಳೇ ಮನೆ ಕೆಡವಿ ಹೊಸದು ಕಟ್ಟಿಸುವ ಮಾತು. "ಅವ್ವಾ, ಯಾವ ಕಂಪನಿಗಿ ಕೊಡಬೇಕು?" ಎಂದು ಕೇಳಿದ. ನಾನು ತೀರಿಹೋದ ನೆಗೆಣ್ಣಿಯನ್ನು ನೆನೆಯುತ್ತ ಕೂತೆ...

ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಅಕ್ಕಾ ಎಂದೇ ಕರೆಯುತ್ತಿದ್ದೆ. ಮೆಹಕರದ ನಮ್ಮ ದೊಡ್ಡ ಮನೆ ಅಣ್ಣತಮ್ಮಂದಿರಲ್ಲಿ ಪಾಲಾಗಿತ್ತು. ಬೀದಿಯಿಂದ ಬಂದರೆ ಮೊದಲು ನಮ್ಮ ಬಾಗಿಲು, ಆಮೇಲೆ ಅವಳದು, ನಡುವೆ ಒಂದೇ ಗೋಡೆ. ಅವಳು ನನ್ನಷ್ಟು ಚೆಲುವೆಯಲ್ಲ, ನನ್ನಷ್ಟು ಮಾತೂ ಬರುತ್ತಿರಲಿಲ್ಲ. ಆದರೂ ಉಪ್ಪಿನಕಾಯಿಯ ಹದ ಕೇಳುವವರು, ಕೂಸಿಗೆ ಜ್ವರ ಬಂದವರು ಎಲ್ಲರೂ ಅವಳ ಹತ್ತಿರವೇ ಹೋಗುತ್ತಿದ್ದರು. ನಮ್ಮ ಅತ್ತೆಯಂತೂ ದೊಡ್ಡಾಕೆಯನ್ನು ಕೇಳು ಎನ್ನದೆ ನನಗೆ ಒಲೆ ಹಚ್ಚಲು ಬಿಟ್ಟವಳಲ್ಲ. ನನ್ನ ಹೊಟ್ಟೆ ಉರಿಯುತ್ತಿತ್ತು. ಈ ವಯಸ್ಸಿನಲ್ಲಿ ಮುಚ್ಚಿಡುವುದೇನು, ಚೆನ್ನಾಗಿಯೇ ಉರಿಯುತ್ತಿತ್ತು.

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ಮೇಲಿನ ಬೇಸಿಗೆ. ಮಕ್ಕಳು ಸಾಲಿ ಕಲಿಯಲೆಂದು ಇಬ್ಬರೂ ಅಣ್ಣತಮ್ಮಂದಿರು ಭಾಲ್ಕಿಯಲ್ಲಿ ಅಕ್ಕಪಕ್ಕದ ಜಾಗ ಹಿಡಿದಿದ್ದರು. ಸೊಲ್ಲಾಪುರದ ಕಡೆಯ ಒಂದು ಕಂಪನಿ ಸಿಮೆಂಟು, ಕಬ್ಬಿಣದ ತೊಲೆ ಎಂದು ಬೋರ್ಡು ಹಾಕಿಕೊಂಡು ಬಂದಿತ್ತು. ನನ್ನ ಗಂಡನಿಗೆ ಅದರ ಮೇಲೆ ಮನಸ್ಸು. ನನಗೆ ಮಾತ್ರ ನಮ್ಮ ಹಳೇ ಗೌಂಡಿಯೇ ಬೇಕು. ಬೀದರದವನು, ಮದುವೆಯಾದ ಮೇಲೆ ಮೆಹಕರದಲ್ಲೇ ನೆಲೆ ನಿಂತಿದ್ದವನು. ಆ ಆ್ಯಕ್ಷನ್ನಿನ ಗದ್ದಲದ ನಂತರ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೀದರಿಗೆ ಮರಳಿದ್ದ. ಕೆಂಪು ಕಲ್ಲು, ಅರೆದ ಸುಣ್ಣ ಇಷ್ಟರಲ್ಲೇ ಅವನು ಕಟ್ಟಿದ ಮನೆ ಚೈತ್ರದಲ್ಲೂ ತಂಪಾಗಿರುತ್ತಿತ್ತು. ಉಳಿದ ಗೌಂಡಿಗಳೆಲ್ಲ ಹೈದರಾಬಾದ್ ಸೇರಿದ್ದರು. ಮಳೆಗಾಲದೊಳಗೆ ಅವನ ಜನ ಒಂದೇ ಮನೆ ಮುಗಿಸಬಲ್ಲರು. ನಾನು ಕೈಗೂಸು ಎತ್ತಿಕೊಂಡು ಬಾಡಿಗೆಯ ತಗಡಿನ ಕೋಣೆಯಲ್ಲಿ ಬೇಯುತ್ತಿದ್ದೆ.

ನಮ್ಮ ಕಡೆ ಮನೆ ಕಟ್ಟುವವನಿಗೆ ಎಲೆ ಅಡಿಕೆ ಕೊಟ್ಟರೆ ಮಾತು ಆಯಿತೆಂದೇ ಲೆಕ್ಕ. ಯಾರದು ಮೊದಲೋ ಅವರ ಹೊಸ್ತಿಲು ಕೂರಿಸುವ ತನಕ ಅವನು ಇನ್ನೊಬ್ಬರ ಎಲೆ ಮುಟ್ಟುವಂತಿಲ್ಲ. ಗಂಡನನ್ನು ಕಾಡಿ ಬೇಡಿ ಬೀದರಿಗೆ ಕಳಿಸಿ ನಾನೇ ಮೊದಲು ಕೊಡಿಸಿದೆ. ಈ ಸಲವಾದರೂ ದೊಡ್ಡಾಕೆಗಿಂತ ಒಂದು ಹೆಜ್ಜೆ ಮುಂದಾದೆ ಎಂದು ಕುಣಿದೆ.

ವಾರ ಕಳೆಯುವಷ್ಟರಲ್ಲಿ ಗೌಂಡಿ ತಾನೇ ಬಂದ. ಎಲೆ ಬಾಡಿತ್ತು, ಅಡಿಕೆ ಹಾಗೇ ಇತ್ತು. ಕಟ್ಟೆಯ ಮೇಲಿಟ್ಟು ಕೈ ಮುಗಿದ. "ಮಾಫ್ ಮಾಡ್ರಿ ಅಕ್ಕೋರ. ದೊಡ್ಡಕ್ಕೋರ ಮನಿ ಕಟ್ಟೋದದಾ ಅಂತ ನಿನ್ನಿ ತಿಳೀತ್ರಿ. ಅವರದು ಮೊದಲು ಆಗಬೇಕ್ರಿ." ಯಾಕೆ ಎಂದು ನಾನು ಕೇಳುವಷ್ಟರಲ್ಲಿ ಚಪ್ಪಲಿ ಮೆಟ್ಟಿ ಹೊರಟ. ಕೊಟ್ಟ ಎಲೆ ಅಡಿಕೆ ತಿರುಗಿ ಬಂದದ್ದನ್ನು ಭಾಲ್ಕಿಯಲ್ಲಿ ಯಾರೂ ಕೇಳಿರಲಿಲ್ಲ.

ಹಟಕ್ಕೆ ಬಿದ್ದು ನಾವು ಕಂಪನಿಗೇ ಕೊಟ್ಟೆವು. ಪಕ್ಕದಲ್ಲಿ ಅವಳ ಗೋಡೆ ಏಳುತ್ತಿತ್ತು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ನಾನು ಅದನ್ನೇ ನೋಡುತ್ತಿದ್ದೆ. ಅವಳು ಕೇಳದೆಯೇ ಗೌಂಡಿ ಅವಳ ದೇವರ ಗೂಡಿಗೆ ಸುಣ್ಣದಲ್ಲಿ ಹೂಬಳ್ಳಿ ಬಿಡಿಸಿದ. ನನಗೂ ಒಂದು ಗೂಡು ಬೇಕೆಂದರೆ ಕಂಪನಿಯವರು ಗೋಡೆಗೊಂದು ತೂತು ಹೊಡೆದು ಸಿಮೆಂಟು ಬಳಿದರು, ಕೋಳಿ ಮೊಟ್ಟೆ ಇಡಲು ಸರಿಯಾಗಿತ್ತು. ಅಕ್ಕ ಅವನಿಗೆ ಚಹಾ ಕುಡಿಸಿ ಬೆಣ್ಣೆ ಹಚ್ಚಿದಳು, ಒಳಗಿಂದೊಳಗೆ ಬಂಗಾರ ಕೊಟ್ಟಿರಬೇಕು ಎಂದು ಬಂದವರ ಮುಂದೆಲ್ಲ ಆಡಿಕೊಂಡೆ. ಅವಳ ಕಿವಿಗೂ ಬಿತ್ತು. ಮರುದಿನ ಎಂದಿನಂತೆ ಮಜ್ಜಿಗೆ ಕಳಿಸಿದಳು... ಅದಕ್ಕೂ ನನಗೆ ಸಿಟ್ಟು.

ಅವಳ ಮನೆಯ ವಾಸ್ತುಶಾಂತಿಗೆ ಐನೋರ ಪಾದಪೂಜೆ ಮುಗಿದ ಮೇಲೆ ಅಡುಗೆಮನೆಗೆ ಹೋದೆ. ಗೌಂಡಿಯ ಹೆಂಡತಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಹೂರಣದ ಹೋಳಿಗೆ ತಿನ್ನಿಸುತ್ತಿದ್ದಳು. ನೆಗೆಣ್ಣಿ ಹೊರಗೆ ಬಡಿಸುತ್ತಿದ್ದಳು. ಆಗ ಗೌಂಡಿಯ ಹೆಂಡತಿಯೇ ಹೇಳಿದಳು. ರಜಾಕಾರರಿಗೆ ಹೆದರಿ ನಾವು ನಡುಗಿದ್ದು ಮೊದಲು, ಇಂಡಿಯಾದ ಫೌಜು ಬಂದ ಮೇಲೆ ನಡುಗುವ ಸರದಿ ಇವರ ಜನದ್ದು, ಸಾಬರದಾಗಿತ್ತು. ಗಂಡ ಕೆಲಸಕ್ಕೆಂದು ಔರಾದಿಗೆ ಹೋಗಿದ್ದಾಗ ಜನ ಅವರ ಓಣಿಗೆ ನುಗ್ಗಿದರಂತೆ. ಇವಳು ಎರಡು ಮಕ್ಕಳೊಡನೆ ಓಡಿ ಬಂದಳು. ನೆಗೆಣ್ಣಿ ಒಳಗೆ ಕರೆದುಕೊಂಡು ಜೋಳದ ಕಣಜದ ಹಿಂದೆ ಕೂರಿಸಿದಳು, ಗೌಂಡಿ ಬಂದು ಕರೆದೊಯ್ಯುವ ತನಕ. ಗೋಡೆಯ ಆಚೆ ಮೂರು ಜೀವ ಉಸಿರು ಬಿಗಿಹಿಡಿದಿದ್ದಾಗ ಈಚೆ ನಾನು ರೊಟ್ಟಿ ಬಡಿಯುತ್ತಿದ್ದೆ.

ಕೇಳಿದ ಮೇಲೆ ನನ್ನ ಉರಿ ಆರಬೇಕಿತ್ತು. ಇನ್ನೂ ಹೆಚ್ಚಾಯಿತು. ಎಳ್ಳಮಾಸೆಗೆ ನಾನೂ ಗೌಂಡಿಯ ಹೆಂಡತಿಗೆ ಭಜ್ಜಿ, ಕಡುಬು ಕೊಟ್ಟಿದ್ದೆ. ರಂಜಾನ್ ಹಬ್ಬಕ್ಕೆ ಅವಳು ತಂದ ಶಾವಿಗೆಯ ಸುರಕುಂಬಾ ನಾನೂ ಕುಡಿದಿದ್ದೆ. ಕೇಳಿಯೇಬಿಟ್ಟೆ. "ಮೊದಲು ನಮ್ಮ ಬಾಗ್ಲಾ ಸಿಗ್ತದಲ್ಲ. ನನಗ ಯಾಕ ಕರೀಲಿಲ್ಲ?"

ಅವಳು ಕೂಸಿನ ಬಾಯಿ ಒರೆಸಿದಳು. "ನಿಮ್ಮ ಬಾಗ್ಲಾಗೇ ನಿಂತಿದ್ನಿ ಅಕ್ಕಾ. ಒಳಗ ನೀವು ಮಾತಾಡೋದು ಕೇಳಿಸ್ತು. ಮುಂದ ಹೋದೆ."

ಏನು ಮಾತಾಡುತ್ತಿದ್ದೆ? ಯಾರ ಜೊತೆ? ಉಪ್ಪು ಕಡಿಮೆಯಾಯಿತೆಂದೋ, ಊರ ಗದ್ದಲವನ್ನೋ, ಸಾಬರನ್ನೋ... ಅವಳನ್ನು ಕೇಳುವ ಧೈರ್ಯವಾಗಲಿಲ್ಲ. ಒಂದೇ ಗೋಡೆಯಾಚೆಯಿದ್ದ ನೆಗೆಣ್ಣಿಗೆ ಕೇಳಿಸಿರಲೇಬೇಕು. ಭಾಲ್ಕಿಯಲ್ಲಿ ಅಷ್ಟು ವರ್ಷ ಪಕ್ಕದಲ್ಲೇ ಬಾಳಿದೆವು, ಮಾತು ನಾಲಗೆಯ ತುದಿಗೆ ಬಂದು ಒಳಗೆ ಹೋಗುತ್ತಿತ್ತು. ಕೊನೆಯ ದಿನಗಳಲ್ಲಿ ಅವಳ ಕಾಲು ಒತ್ತುತ್ತ ಕೂತಿದ್ದೆ. ಏನೋ ಕೇಳಬೇಕಂತಿ, ಕೇಳು ಎಂದಳು. ನೀರು ಬೇಕೇನು ಎಂದು ಕೇಳಿದೆ.

ಅಕ್ಕ ಹೋಗಿ ಬಹಳ ವರ್ಷವಾಯಿತು. ಗೌಂಡಿಯ ಹೆಂಡತಿ ಇದ್ದಾಳೋ ಇಲ್ಲವೋ ತಿಳಿಯದು. ಅಕ್ಕನ ಮೇಲೆ ನನಗೆ ಇಂದಿಗೂ ಹೊಟ್ಟೆಕಿಚ್ಚು ಹೋಗಿಲ್ಲ. ಆದರೆ ಅವಳು ಬೇಕು ಎನಿಸುತ್ತದೆ. ಆ ದಿನ ನನ್ನ ಮನೆಯೊಳಗೆ ನಾನು ಆಡಿದ ಮಾತು ಯಾವುದೆಂದು ಹೇಳುವವರು ಈಗ ಯಾರೂ ಉಳಿದಿಲ್ಲ.