ಬರೀ ನೆಲ ಕಾಣುವ ಟೇಪು

ಮದುವೆಯ ಮಾತು ಮುಗಿಸಿಕೊಂಡು ಬಂದ ಸಂಜೆ ಅಪ್ಪ ಅಂಗಿಯ ಗುಂಡಿ ಬಿಚ್ಚುತ್ತ, "ಹುಡುಗ ಅಪರಂಜಿ. ಬಸ್ ಡಿಪೋದಲ್ಲಿ ಖಾಯಂ ಕೆಲಸ. ತಾಪತ್ರಯ ಒಂದೇ, ಅವನಿಗೊಬ್ಬ ತಮ್ಮ ಇದ್ದಾನೆ" ಎಂದರು.

"ಕುಡೀತಾನಾ?" ಅಮ್ಮ ಗಾಬರಿಯಾದಳು.

"ಛೆ, ಇಲ್ಲ."

"ಮತ್ತೆ? ಜೂಜು ಗೀಜು?"

"ಅದೂ ಇಲ್ಲ ಕಣೆ. ಫೋಟೋ ತೆಗೀತಾನೆ."

"ಫೋಟೋ ತೆಗೆದ್ರೆ ನಿಮಗೇನು ತಾಪತ್ರಯ?"

"ನಂದೊಂದು ತೆಗೀತೀನಿ ಅಂದ. ಊಟ ಆದ ಮೇಲೆ ಕುರ್ಚಿ ಮೇಲೆ ಕೂರಿಸಿದೋನು ಈಗ ಎಬ್ಬಿಸಿ ಕಳಿಸಿದ. ಕತ್ತು ಎತ್ತಿ, ಕತ್ತು ಇಳಿಸಿ, ಅಲ್ಲಾಡ್ಬೇಡಿ! ನೋಡಿಲ್ಲಿ, ಕತ್ತು ಹಿಡ್ಕೊಂಡಿದೆ."

ಮೈದುನನಾಗುವವನ ವಿಷಯ ಮದುವೆಯ ಹುಡುಗಿ ಕೇಳಿದ್ದು ಅದೇ ಮೊದಲು. ಬಾಗಿಲ ಮರೆಯಲ್ಲಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು. ಅವನ ವಿಷಯಕ್ಕೆ ಮನಸಾರೆ ನಕ್ಕಿದ್ದು ಬಹುಶಃ ಅದೇ ಕೊನೆ. ಆಮೇಲಿನ ಇಡೀ ಆಯುಷ್ಯ ಹಲ್ಲು ಕಡಿಯುವುದರಲ್ಲೇ ಹೋಯಿತು.

ಅವನಿಗೆ ಯಾವ ಕೆಲಸವೂ ಹತ್ತಲಿಲ್ಲ. ಬಲ್ಬು ಮಾರುವ ಅಂಗಡಿಗೆ ಸೇರಿದ, ಬಿಟ್ಟ. ಟೈಪಿಂಗ್ ಕಲಿಯಲು ಹೋದ, ಅದನ್ನೂ ಬಿಟ್ಟ. ಕೊನೆಗೆ ಗುರುತಿನ ಚೀಟಿಗಳಿಗೆ ಮುಖ ತೆಗೆಯುವ ಒಂದು ಸಣ್ಣ ಸ್ಟುಡಿಯೋದಲ್ಲಿ ಮಾತ್ರ ನಿಂತುಕೊಂಡ. ಕಪ್ಪು ಪರದೆಯ ಹಿಂದೆ ತಲೆ ತೂರಿಸಿ "ಸ್ಟೆಡಿ... ಸ್ಟೆಡಿ..." ಎನ್ನುವುದೇ ಅವನ ಬದುಕಾಯಿತು. ಅಣ್ಣನ ಮಗ ಮಾತು ಕಲಿಯುವ ಹೊತ್ತಿಗೆ ಚಿಕ್ಕಪ್ಪ ಎನ್ನುವ ಮೊದಲೇ ಸ್ಟೆಡಿ ಎಂದ. ಅಂದಿನಿಂದ ಅವನು ಎಲ್ಲರಿಗೂ ಸ್ಟೆಡಿಯೇ. ಒಂದು ಸಂಬಂಧ ಕೂಡಿಬಂದಿತ್ತು. ಮೊದಲ ಭೇಟಿಯಲ್ಲೇ ಆ ಹುಡುಗಿಗೆ, "ಸ್ವಲ್ಪ ಗಲ್ಲ ಎಡಕ್ಕೆ ತಿರುಗಿಸ್ತೀರಾ? ಆ ಕಡೆ ಮುಖ ಚೆನ್ನಾಗಿದೆ" ಎಂದು ಬಂದ. ಸಂಬಂಧ ಮುರಿಯಿತು. ಅಣ್ಣನ ಮನೆಯ ಮಹಡಿಯ ಕೋಣೆಯಲ್ಲೇ ಒಂಟಿಯಾಗಿ ಉಳಿದ. ಊಟಕ್ಕೆ ಕೆಳಗೆ ಬರುತ್ತಿದ್ದ, ಬಂದಾಗಲೆಲ್ಲ ದೀಪ ಸರಿಯಿಲ್ಲ, ಕುರ್ಚಿ ಅಡ್ಡ ಇದೆ, ಗೋಡೆಯ ಬಣ್ಣ ಮುಖಕ್ಕೆ ಹೊಡೆಯುತ್ತದೆ ಎಂದು ಗೊಣಗುತ್ತಿದ್ದ.

ಇಂಥವನ ಕೈಗೆ ವಿಡಿಯೋ ಕ್ಯಾಮೆರಾ ಬಂತು. ಸ್ಟುಡಿಯೋದ ಯಜಮಾನ ಹೊಸದು ತರಿಸಿಕೊಂಡು ಹಳೆಯದನ್ನು ಇವನಿಗೆ ಕೊಟ್ಟುಬಿಟ್ಟಿದ್ದ. ಹೆಗಲ ಮೇಲೆ ಇಟ್ಟರೆ ಮನುಷ್ಯನೇ ಒಂದು ಕಡೆ ವಾಲುವಷ್ಟು ಭಾರ. ಅಂದಿನಿಂದ ಮನೆಯಲ್ಲಿ ಯಾರ ಹುಟ್ಟುಹಬ್ಬವಾದರೂ, ಯಾರು ಪರೀಕ್ಷೆ ಪಾಸಾದರೂ ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಲ್ಲಬೇಕು. ನಿಂತವರು ಅಲ್ಲಾಡಬಾರದು. ಬಾಯಿ ತೆರೆಯಬಾರದು.

"ಅಲ್ಲಪ್ಪಾ, ಇದು ವಿಡಿಯೋ ತಾನೆ? ಮಾತಾಡಿದ್ರೆ, ಓಡಾಡಿದ್ರೆ ತಾನೆ ಚೆಂದ?" ಎಂದು ಅತ್ತಿಗೆ ಒಂದು ಸಲ ಕೇಳಿದ್ದಳು.

"ಅತ್ತಿಗೆ, ಬಾಯಿ ತೆರೆದ ಮುಖ ನೋಡೋಕಾಗಲ್ಲ. ನೀವು ಸ್ಟೆಡಿಯಾಗಿರಿ."

ಅವನ ಮಟ್ಟಿಗೆ ಅದು ಸ್ವಲ್ಪ ಉದ್ದವಾದ ಫೋಟೋ, ಅಷ್ಟೆ. ಹೀಗೆ ಆ ಮನೆಯ ಸುಖವೆಲ್ಲ ಗರ ಬಡಿದವರಂತೆ ಗೋಡೆಗಂಟಿ ನಿಂತು ಟೇಪಿನೊಳಗೆ ಸೇರಿತು.

ವರ್ಷಗಳು ಉರುಳಿ ಗಂಡ ತೀರಿಕೊಂಡ ಮೇಲೆ ಆ ಟೇಪುಗಳು ಮಹಡಿಯ ಕೋಣೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಬಿದ್ದಿದ್ದವು. ಅವನ್ನು ಹಾಕಿ ನೋಡುವ ಯಂತ್ರ ಕೆಟ್ಟು ಎಷ್ಟೋ ಕಾಲವಾಗಿತ್ತು. ಒಂದು ದಿನ ಮಗ ಪೆಟ್ಟಿಗೆ ತೆರೆದು, "ಅಮ್ಮಾ, ಬೂಷ್ಟು ಹಿಡಿದಿದೆ. ಇನ್ನೂ ಬಿಟ್ರೆ ಏನೂ ಉಳಿಯಲ್ಲ. ಕಂಪ್ಯೂಟರಿಗೆ ಹಾಕ್ಸಿಬಿಡೋಣ" ಎಂದ. ಅವನು ಅಷ್ಟಂದದ್ದೇ ತಡ, ಸ್ಟೆಡಿ ಕಾಲಿನ ಊತವನ್ನೂ ಲೆಕ್ಕಿಸದೆ ಎದ್ದು ನಿಂತ. "ನನ್ನ ಟೇಪು. ನಾನೇ ಕೊಡ್ತೀನಿ, ನಾನೇ ಹೇಳ್ತೀನಿ. ನೀವ್ಯಾರೂ ಕೈ ಹಾಕ್ಬೇಡಿ."

ಅತ್ತಿಗೆಗೆ ಬೇಕಾಗಿದ್ದು ಒಂದೇ, ಗಂಡನ ದನಿ. ಯಾರಿಗೂ ಆಕೆ ಅದನ್ನು ಹೇಳಿರಲಿಲ್ಲ. ಗಂಡನ ಮುಖ, ನಡಿಗೆ, ಕಾಲರಿನ ಒಳಗಡೆಯ ಕೊಳೆ, ಊಟ ಮಾಡುವಾಗಲೂ ಮೇಜಿನಡಿ ಕುಣಿಯುತ್ತಿದ್ದ ಮೊಣಕಾಲು, ಎಲ್ಲ ನಿನ್ನೆ ಕಂಡಂತೆ ನೆನಪಿತ್ತು. ದನಿ ಮಾತ್ರ ಯಾವಾಗ ಜಾರಿತೋ ತಿಳಿಯಲಿಲ್ಲ. ಅವನು ಆಡಿದ ಮಾತುಗಳು ನೆನಪಿಗೆ ಬಂದರೆ, ಈಗೀಗ ಅವು ಆಕೆಯದೇ ದನಿಯಲ್ಲಿ ಬರುತ್ತಿದ್ದವು. ಅದಕ್ಕಿಂತ ಕೆಟ್ಟ ಕಳವು ಯಾವುದಿದೆ?

ಟೇಪನ್ನು ಕಂಪ್ಯೂಟರಿಗೆ ಹಾಕಿಕೊಡುವ ಅಂಗಡಿ ಹಲ್ಲಿನ ಡಾಕ್ಟರರ ದವಾಖಾನೆಯ ಕೆಳಗಿನ ಮಳಿಗೆಯಲ್ಲಿತ್ತು. ನಡೆಸುತ್ತಿದ್ದವಳು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡ ನಡುವಯಸ್ಸಿನ ಹೆಂಗಸು. ಸ್ಟೆಡಿ ದಿನಾ ಅಲ್ಲಿಗೆ ಹೋಗಿ ಕೂತು ಅವಳ ಜೀವ ತಿಂದ. ಕಾಲು ಮತ್ತೆ ಊದಿ ಏಳಲಾಗದ ದಿನ ಅತ್ತಿಗೆಯನ್ನು ಕಳಿಸಿದ. "ಎಷ್ಟಾಯ್ತು ಅಂತ ಕೇಳ್ಕೊಂಡು ಬನ್ನಿ. ಏನನ್ನೂ ಮುಟ್ಬೇಡಿ."

"ಬನ್ನಿ ಅಮ್ಮಾ" ಅಂದಳು ಅಂಗಡಿಯವಳು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮನೇಲಿ ಎಲ್ಲರಿಗೂ ಮೈ ಹುಷಾರಿರಲಿಲ್ವಾ?"

ಪರದೆಯ ಮೇಲೆ ಇಡೀ ಸಂಸಾರ ನಿಂತಿತ್ತು. ಮಗನ ಮೂರನೆಯ ಹುಟ್ಟುಹಬ್ಬ. ಮೇಜಿನ ಮೇಲಿನ ಕೇಕನ್ನು ಆಗಲೇ ಯಾರೋ ಬೆರಳಿಂದ ತೋಡಿದ್ದರು. ಗಂಡ ಕತ್ತುಪಟ್ಟಿಯ ಗುಂಡಿ ಬಿಗಿದುಕೊಂಡು ಕಂಬದಂತೆ ನಿಂತಿದ್ದ. ರೆಪ್ಪೆ ಬಡಿಯದಿದ್ದರೆ ಚಿತ್ರಪಟವೇ. ನೋಡಿ ನೋಡಿ ಅತ್ತಿಗೆಗೆ ತಲೆ ಚಿಟ್ಟು ಹಿಡಿಯಿತು. ಟೇಪು ಓಡುತ್ತದೆ, ಓಡುತ್ತದೆ, ಯಾರೊಬ್ಬರೂ ಕೆಮ್ಮುವುದಿಲ್ಲ! ಇಷ್ಟು ವರ್ಷ ಇಟ್ಟುಕೊಂಡು ಕಾಯ್ದದ್ದು ಈ ಗೊಂಬೆಗಳನ್ನೇ?

ಆಗ ಟೇಪಿನೊಳಗಿಂದ ಸ್ಟೆಡಿಯ ದನಿ "ಓಕೆ" ಎಂದಿತು. ಚಿತ್ರ ಗಿರ್ರನೆ ತಿರುಗಿ ಕೆಳಗೆ ಬಿತ್ತು. ನೆಲ ಕಂಡಿತು, ಚಪ್ಪಲಿಗಳು ಕಂಡವು, ಮೇಜಿನ ಕಾಲು ಕಂಡಿತು. ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟ ಸದ್ದು, ನಗು, ಮಗುವಿನ ಅಳು. ನಡುವೆ ಒಂದು ಗಂಡಸಿನ ದನಿ: "ಏನೇ, ಮುಗೀತಾ? ಕಾಲು ಜೋಮು ಹಿಡೀತು."

ಅತ್ತಿಗೆ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅಷ್ಟರಲ್ಲಿ ಅಂಗಡಿಯವಳು ಗುಂಡಿ ಒತ್ತಿ ಸದ್ದು ನಿಲ್ಲಿಸಿಬಿಟ್ಟಳು.

"ಯಾಕೆ ನಿಲ್ಲಿಸಿದೆ? ಹಾಕಮ್ಮಾ, ಹಾಕು!"

"ಇದು ವೇಸ್ಟ್ ಅಮ್ಮಾ. ಪ್ರತಿ ಟೇಪಲ್ಲೂ ಇದೆ. ಶೂಟ್ ಮಾಡಿ ಆದ ಮೇಲೆ ಕ್ಯಾಮೆರಾ ಆಫ್ ಮಾಡೋದನ್ನ ಮರೀತಿದ್ರು ಅನ್ಸುತ್ತೆ. ಹಾಗೇ ಹೆಗಲಿಗೆ ತೂಗಾಕ್ಕೊಂಡು ಓಡಾಡಿದ್ದಾರೆ. ಬರೀ ನೆಲ. ಎಲ್ಲ ಕತ್ತರಿಸಿ ಬಿಸಾಕು ಅಂತ ನಿಮ್ಮ ಮೈದುನರೇ ಹೇಳಿದ್ದಾರೆ."

ಫೋಟೋ ಕ್ಯಾಮೆರಾದಲ್ಲಿ ಗುಂಡಿ ಒಂದು ಸಲ ಒತ್ತಿದರೆ ಕೆಲಸ ಮುಗಿಯಿತು. ಇದರಲ್ಲಿ ನಿಲ್ಲಿಸಲು ಇನ್ನೊಂದು ಸಲ ಒತ್ತಬೇಕು. ಆ ಎರಡನೆಯ ಒತ್ತು ಆ ಪುಣ್ಯಾತ್ಮನ ಕೈಗೆ ಹತ್ತಿರಲೇ ಇಲ್ಲ. ಹಾಗಾಗಿ ಆ ಮನೆಯವರು ಬದುಕಿದ್ದೆಲ್ಲ ನೆಲದ ಚಿತ್ರದ ಹಿಂದೆ ಇತ್ತು.

"ಕತ್ತರಿಸ್ಬೇಡ. ನಾನು ಹೇಳ್ತಿದ್ದೀನಿ."

"ಟೇಪು ಕೊಟ್ಟಿರೋದು ಅವರು, ಅವರೇ ಹೇಳ್ಬೇಕು. ಆಮೇಲೆ ಅವರು ಬಂದು ನನ್ನ ತಲೆ ತಿನ್ನೋದನ್ನ ನೀವು ನೋಡಿಲ್ಲ. ಬೇಗ ಅವರಿಂದಲೇ ಹೇಳಿಸಿ ಅಮ್ಮಾ. ಟೇಪು ಒಳಗೇ ಪುಡಿಯಾಗ್ತಿದೆ, ಒಂದು ಸಲ ಓಡಿದ್ದೇ ಹೆಚ್ಚು. ಕಂಪ್ಯೂಟರಿಂದ ಅಳಿಸಿದ್ರೆ ಮತ್ತೆ ಸಿಗಲ್ಲ. ಈ ವಾರ ನಾನೂ ಕಂಪ್ಯೂಟರಲ್ಲಿ ಜಾಗ ಖಾಲಿ ಮಾಡ್ಬೇಕು."

ಅತ್ತಿಗೆ ಬಿಸಿಲಲ್ಲಿ ದಾಪುಗಾಲು ಹಾಕುತ್ತ ಮನೆಗೆ ಬಂದಳು. ಮಹಡಿ ಮೆಟ್ಟಿಲು ಏರುವಾಗಲೇ ಬಾಯಿ ಶುರುವಾಗಿತ್ತು.

"ಯಾರನ್ನ ಕೇಳಿ ಕತ್ತರಿಸೋಕೆ ಹೇಳ್ದೆ ನೀನು?"

ಸ್ಟೆಡಿ ದಿಂಬಿನ ಮೇಲೆ ಕಾಲಿಟ್ಟುಕೊಂಡು ಮಲಗಿದ್ದ. "ಯಾರನ್ನ ಕೇಳ್ಬೇಕು? ಅದು ನನ್ನ ಕೆಲಸ. ನಾಳೆ ಮಕ್ಕಳು ಮೊಮ್ಮಕ್ಕಳು ನೋಡ್ತಾರೆ. ಚಿಕ್ಕಪ್ಪ ಚಪ್ಪಲಿ ಶೂಟಿಂಗ್ ಮಾಡಿದ್ದ ಅನ್ಬೇಕಾ?"

"ಅದರಲ್ಲಿ ನಿಮ್ಮಣ್ಣ ಮಾತಾಡ್ತಾರೆ ಕಣೋ!"

"ಫೋಕಸ್ ಇಲ್ಲ."

"ದನಿಗೆ ಯಾಕಪ್ಪ ಫೋಕಸ್ಸು?"

"ಬೆಳಕೂ ಸರಿ ಇಲ್ಲ ಅತ್ತಿಗೆ."

ಆಕೆಗೆ ಮೈಯೆಲ್ಲ ಉರಿದುಹೋಯಿತು. ಇಂಥ ಹಠವನ್ನು ಇಷ್ಟು ವರ್ಷ ಹೊಟ್ಟೆಗೆ ಅನ್ನ ಹಾಕಿ ಸಾಕಿದೆನಲ್ಲ ಎನ್ನಿಸಿತು. ಅದನ್ನು ಅಂದೂಬಿಟ್ಟಳು. ಅವನು ಗೋಡೆಯ ಕಡೆ ಹೊರಳಿದ. ಆ ಸಂಜೆ ಊಟದ ತಟ್ಟೆ ಮೇಲೆ ಹೋದಂತೆಯೇ ಕೆಳಗೆ ಬಂತು. ಮಗ ಹೋಗಿ ಮಾತಾಡಿಸಿದ. "ಬೆಳಕಿನ ವಿಷಯ ನಿನಗೆ ತಿಳಿಯಲ್ಲ" ಎನ್ನಿಸಿಕೊಂಡು ಇಳಿದು ಬಂದ. "ಅಮ್ಮಾ, ಗೋಡೆ ಹತ್ರ ಮಾತಾಡೋದೇ ವಾಸಿ. ಅದಾದ್ರೂ ಬೆಳಕು ಗಿಳಕು ಅನ್ನಲ್ಲ."

ಮಾರನೆಯ ಬೆಳಿಗ್ಗೆ ಅತ್ತಿಗೆ ಕಾಫಿ ಹಿಡಿದು ತಾನೇ ಹೋದಳು. ಜಗಳವಾಡಲು ಶಕ್ತಿ ಉಳಿದಿರಲಿಲ್ಲ. ಮಂಚದ ಕಾಲ ಬದಿ ಕೂತು, "ನನಗೆ ಅವರ ದನಿ ಮರೆತುಹೋಗಿದೆ" ಎಂದಳು. "ನಿನ್ನೆ ಕೇಳಿದೆ. ಅರ್ಧ ಮಾತು. ಅಷ್ಟರಲ್ಲಿ ಅವಳು ನಿಲ್ಲಿಸಿಬಿಟ್ಟಳು."

ಸ್ಟೆಡಿ ಎದ್ದು ಕೂತು ಕಾಫಿಯ ಲೋಟ ತೆಗೆದುಕೊಂಡ.

"ಆ ಹುಟ್ಟುಹಬ್ಬದ ಟೇಪಾ?"

"ಹೂಂ."

"ಅದರಲ್ಲಿ ಮುಂದೆ ಅಣ್ಣ ಏನಂತಾನೆ, ನೆನಪಿದ್ಯಾ?"

ಆಕೆಗೆ ಆ ದಿನ ಉಟ್ಟ ಸೀರೆ ನೆನಪಿತ್ತು. ಕೇಕಿಗೆ ಬೆರಳು ಹಾಕಿದ್ದು ಯಾರೆಂಬುದೂ ಗೊತ್ತಿತ್ತು. ಗಂಡನ ಮಾತು ನೆನಪಿರಲಿಲ್ಲ.

"ನೀವು ಅಂತೀರಿ, ಪ್ರತಿ ಸಲ ಈ ಗೋಡೆ ಪೂಜೆ ಯಾಕೆ, ಸಾಕಾಯ್ತಪ್ಪ, ಅಂತ. ಅದಕ್ಕೆ ಅಣ್ಣ ಅಂತಾನೆ," ಸ್ಟೆಡಿ ಒಂದಕ್ಷರ ತಪ್ಪದೆ, ಅಣ್ಣನ ತರಹವೇ ತಡೆತಡೆದು ಹೇಳಿದ, "'ಪಾಪ, ಬೇರೆ ಯಾವ್ದೂ ಅವನ ಕೈಲಿ ಆಗ್ಲಿಲ್ಲ ಕಣೆ. ಇದೊಂದಾದ್ರೂ ಮಾಡ್ಕೊಳ್ಲಿ ಬಿಡು. ನಿಂತ್ಕೋ ಅಂದ್ರೆ ನಿಂತ್ಕೊಂಬಿಡಿ ಎಲ್ಲರೂ.'"

ಕೆಳಗೆ ರಸ್ತೆಯಲ್ಲಿ ಯಾರೋ ಗಾಡಿ ಚಾಲೂ ಮಾಡಲಾರದೆ ಒದ್ದಾಡುತ್ತಿದ್ದರು.

"ನಾನು ಅವತ್ತು ರಾತ್ರಿನೇ ಹಾಕಿ ನೋಡಿದ್ದೆ. ಅಲ್ಲೀತನಕ ಏನಂದ್ಕೊಂಡಿದ್ದೆ ಗೊತ್ತಾ ಅತ್ತಿಗೆ? ನಾನು ಒಂದು ಮಾತು ಹೇಳಿದ್ರೆ ಇಡೀ ಮನೆ ಕೇಳುತ್ತೆ ಅಂತ. ನಾನೇ ಉಸ್ತಾದ ಅಂತ." ಅವನು ನಗಲು ನೋಡಿದ. "ಅದಾದ ಮೇಲೂ ನಿಲ್ಲಿಸ್ತಾನೇ ಹೋದೆ ನೋಡಿ ನಿಮ್ಮನ್ನೆಲ್ಲ. ನಾಚಿಕೆಗೆಟ್ಟೋನು."

ಅತ್ತಿಗೆಗೆ ಅವನ ಮೇಲೆ ಕನಿಕರ ಬಂತು. ಕನಿಕರದ ಹಿಂದೆಯೇ ಮತ್ತೆ ರೇಗಿತು. ಇಷ್ಟು ಕಾಲ ಇದನ್ನು ಗಂಟು ಕಟ್ಟಿ ಹೊಟ್ಟೆಯಲ್ಲಿಟ್ಟುಕೊಂಡು, ಬೆಳಕು ಸರಿಯಿಲ್ಲ ಎಂದು ಜಗತ್ತಿನ ಮೇಲೆಲ್ಲ ಹರಿಹಾಯ್ದನಲ್ಲ!

"ಅಂದಿದ್ದು ನಿಜ, ಇರಲಿ" ಎಂದಳು. "ಈಗ ನಾನು ಹೇಳೋದು ಕೇಳು. ನಿಮ್ಮಣ್ಣ ಕ್ಷೌರಕ್ಕೆ ಕೂತ್ರೂ ಮಧ್ಯೆ ಎರಡು ಸಲ ಏಳೋರು. ಡಿಪೋದಲ್ಲಿ ಮೇಲಿನೋರು ನಿಲ್ಲಪ್ಪಾ ಅಂದ್ರೆ ನಡ್ಕೊಂಡೇ ಉತ್ತರ ಕೊಡೋರು. ನನ್ನ ಮಾತಿಗೆ ಒಂದು ದಿನ, ಒಂದೇ ಒಂದು ದಿನ, ಒಂದು ಕಡೆ ಕೂತಿದ್ದು ಇಲ್ಲ. ನಿನ್ನೆ ಅವಳ ಅಂಗಡೀಲಿ ನೋಡಿದೆ. ಮೊಣಕಾಲು ಕೂಡ ಅಲ್ಲಾಡ್ತಿರಲಿಲ್ಲ. ಬರೀ ಪಾಪ ಅಂತ ಯಾರಾದ್ರೂ ಹಾಗೆ ನಿಲ್ತಾರೇನೋ, ಕತ್ತೆ?"

ಸ್ಟೆಡಿ ಲೋಟವನ್ನು ಅವಳ ಮುಂದೆ ಚಾಚಿದ. ಕಾಫಿ ಆರಿದೆ, ಬಿಸಿ ಮಾಡಿ ತನ್ನಿ ಎಂದ. ಬಿಸಿ ಮಾಡಿ ತರುವಷ್ಟರಲ್ಲಿ ಫೋನಿನಲ್ಲಿ ಅಂಗಡಿಯವಳೊಂದಿಗೆ ಮಾತಾಡುತ್ತಿದ್ದ. "ಹೂಂ, ವೇಸ್ಟೂ ಇರಲಿ... ಯಾಕೆ ಅಂದ್ರೆ? ಇರಲಿ ಅಂದ್ರೆ ಇರಲಿ ಕಣಮ್ಮಾ... ಮೊದಲ ಟೇಪಿಂದು ಅಳಿಸಿಬಿಟ್ಯಾ? ಅಯ್ಯೋ ನಿನ್ನ! ಉಳಿದಿದ್ದಾದ್ರೂ ಮುಟ್ಟಬೇಡ. ನಾನು ಹೇಳಿದ್ದೆ, ಸರಿ, ಈಗ ನಾನೇ ಬೇಡ ಅಂತಿದ್ದೀನಲ್ಲ!"

ಮೊದಲ ಟೇಪಿನ ನೆಲವೆಲ್ಲ ಹೋಗಿತ್ತು. ಹುಟ್ಟುಹಬ್ಬದ್ದು ಉಳಿಯಿತು. ಅದರ ಮುಂದಿನವೂ ಉಳಿದವು.

ಆದರೆ ಮುಗಿದ ಕೆಲಸ ಮನೆಗೆ ಬರುವ ಮೊದಲೇ ಸ್ಟೆಡಿಯ ಕಾಲಿನ ಊತ ಹೊಟ್ಟೆಗೇರಿತು. ಹೃದಯ ಸೋತಿದೆ ಎಂದರು ಆಸ್ಪತ್ರೆಯವರು. ವಾರ್ಡಿನಲ್ಲೂ ಸುಮ್ಮನಿದ್ದನೇ? ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯುತ್ತದೆ ಎಂದು ಮಂಚ ತಿರುಗಿಸಿ ಹಾಕಿಸಿದ. ಪಕ್ಕದ ಮಂಚದವರು ನರ್ಸಿಗೆ ದೂರು ಕೊಟ್ಟರು. ಅತ್ತಿಗೆ ಇಬ್ಬರಿಗೂ ಸಮಾಧಾನ ಹೇಳಿ ಹೇಳಿ ಸುಸ್ತಾದಳು.

ಮಗ ಅಂಗಡಿಯಿಂದ ಬಂದ ಬೆರಳುದ್ದದ ಪೆನ್ ಡ್ರೈವನ್ನು ಆಸ್ಪತ್ರೆಗೇ ತಂದು ತೋರಿಸಿದ. ಸ್ಟೆಡಿ ಅದನ್ನು ಅಂಗೈಯಲ್ಲಿಟ್ಟುಕೊಂಡು, "ಇಷ್ಟೇನಾ?" ಎಂದ. ಅಷ್ಟು ಭಾರ ಹೊತ್ತವನ ಮುಖದಲ್ಲಿ ದೊಡ್ಡ ಮೋಸವಾದ ಕಳೆ ಇತ್ತು. ಅದನ್ನು ಅತ್ತಿಗೆಯ ಕೈಗೆ ಹಾಕಿ, ಅವಳ ಬೆರಳುಗಳನ್ನು ತಾನೇ ಮಡಿಸಿದ.

"ಮನೇಲಿ ಎಲ್ಲರನ್ನೂ ಕೂರಿಸಿ ಹಾಕ್ತೀರಲ್ವಾ?"

"ಹಾಕ್ತೀವಿ. ನೀನು ಬಾ, ಒಟ್ಟಿಗೇ ನೋಡೋಣ."

"ಬರ್ತೀನಿ, ಬರ್ತೀನಿ. ನನ್ನ ಮಾತು ಕೇಳಿ ಮೊದಲು. ನೆಲದ್ದು ಕೊನೇಲಿ ಹಾಕ್ಬೇಕು. ಅಂಗಡಿಯವಳಿಗೆ ಹೇಳಿದ್ದೀನಿ, ಬೇರೆ ಬೇರೆ ಮಾಡಿದ್ದಾಳೆ."

"ಅಯ್ಯೋ, ಯಾವುದಾದ್ರೆ ಏನು? ಮೊದಲು ದನಿ ಕೇಳ್ಬಿಡ್ತೀನಿ ನಾನು."

"ಊಹುಂ." ಏದುಸಿರು ಬರುತ್ತಿದ್ದರೂ ಬೆರಳೆತ್ತಿದ. "ಮೊದಲು ನಾನು ತೆಗೆದಿದ್ದು. ಎಲ್ಲ ಟೇಪೂ. ಬೇಗ ಮುಂದಕ್ಕೆ ಓಡಿಸ್ಬಾರದು, ಮಧ್ಯ ಎದ್ದು ಹೋಗ್ಬಾರದು, ಮಾತಾಡ್ಬಾರದು. ಅದು ಪೂರ್ತಿ ನೋಡಾದ ಮೇಲೆ ಅಣ್ಣ ಅಂದಿದ್ದು ಕೇಳ್ಲಿ. ನನ್ನ ಕೆಲಸ ನೋಡ್ದೇನೆ ಅದನ್ನ ಕೇಳ್ಬಾರದು ಯಾರೂ."

"ಅಷ್ಟೂ ಹೊತ್ತು ಆ ಗೊಂಬೆಗಳನ್ನ ನೋಡ್ತಾ ಕೂರಬೇಕಾ? ಇಡೀ ದಿನ ಬೇಕಲ್ಲೋ!"

"ಕೂರಬೇಕು ಅತ್ತಿಗೆ. ನೀವೂ ಕೂರಬೇಕು. ಅಲ್ಲಾಡದೆ."