ಹೊತ್ತು ಮೂಡುವ ತನಕ ಹೊಸ್ತಿಲಾಚೆ ನಿಲ್ಲುವ ಅಮೀನ

ಹೊಸಪೇಟೆಯ ಈ ಓಣಿಯಲ್ಲಿ ಇನ್ನೂ ನಸುಕು. ಮುಚ್ಚಿದ ತಲಬಾಗಿಲ ಮುಂದೆ ಕೋರ್ಟಿನ ಅಮೀನ ಕೊಟ್ರಯ್ಯನವರು ಕೈಕಟ್ಟಿ ನಿಂತಿದ್ದಾರೆ. ಜೇಬಿನಲ್ಲಿ ಜಪ್ತಿ ವಾರಂಟು. ಅವರ ಕೆಲಸದ ಬಗ್ಗೆ ಪತ್ರಿಕೆಗೆ ಬರೆಯಲೆಂದು ನಾನೂ ಜೊತೆಗಿದ್ದೇನೆ. ಒಳಗೆ, ದನ ಕಟ್ಟುವ ಜಾಗದಲ್ಲಿ, ಉಜ್ಜಿನಪ್ಪನ ಬಾಡಿಗೆ ಕಾರು. ಸ್ಟೇಷನ್ನಿನಿಂದ ಹಂಪಿಗೆ ಯಾತ್ರಿಕರನ್ನು ಒಯ್ಯಲು ಕಂತಿನ ಮೇಲೆ ತಂದದ್ದು, ಕಂತು ನಿಂತಿದೆ. ಕಾರು ನಿಂತ ಜಾಗಕ್ಕೆ ಹೊಂದಿಕೊಂಡ ಕೋಣೆಯಲ್ಲೇ ಅವನ ಹೆಂಡತಿ ಹಂಪಕ್ಕ, ಹಸಿ ಬಾಣಂತಿ, ಕೂಸಿನೊಡನೆ ಮಲಗಿದ್ದಾಳೆ.

ಕಾರಿಗೆ ಸಾಲ ಕೊಟ್ಟ ಕಂಪನಿಯ ಏಜೆಂಟ್ ತಿರುಮಲರಾಯರಿಗೆ ಅವಸರ. ಬಳ್ಳಾರಿಯಿಂದ ಡ್ರೈವರನ್ನೂ ಆಳುಗಳನ್ನೂ ಕರೆತಂದಿದ್ದಾರೆ.

“ಬೆಳಕಾತಲ್ರಿ ಅಮೀನ್ರ, ಬಾಗಲಾ ಮುರೀರಿ.”

“ಬೆಳಕಾಗೇತಿ, ಹೊತ್ತು ಮೂಡಿಲ್ಲ. ಮೂಡೂತನಕ ಯಾರ ಮನಿಯಾಗೂ ಕಾಲಿಡಂಗಿಲ್ಲಂತ ಕಾಯ್ದೆ ಐತ್ರಿ.”

“ಸೂರ್ಯಗೂ ಸಮನ್ಸ್ ಕೊಡಬೇಕೇನು?”

“ಅವ ಸಮನ್ಸ್ ಇಲ್ದನ ಬರ್ತಾನ್ರಿ. ತಡೀರಿ.”

ಆಳುಗಳು ಮುಖ ತಿರುಗಿಸಿ ನಗುತ್ತಾರೆ.

ಕೊಟ್ರಯ್ಯನವರು ಕಂಪ್ಲಿ, ಮೆಟ್ರಿಯವರೆಗೂ ನಡೆದೇ ಹೋಗುವವರು. ಅವರ ರುಮಾಲು ಕಂಡರೆ ಹೆಂಗಸರು ಮಕ್ಕಳನ್ನು ಒಳಗೆಳೆದು ಕದ ಹಾಕುತ್ತಾರೆ. ಬೇಸಿಗೆಯಲ್ಲೂ ಅವರು ಯಾರ ಮನೆಯಲ್ಲೂ ನೀರು ಕೇಳುವುದಿಲ್ಲ. ಹೆದರಿ ಕೊಟ್ಟಾರು ಎಂಬ ಸಂಕೋಚ. “ಶಾಪ ಹಾಕ್ತಾರ್ರಿ. ಹಾಕ್ಲಿ. ಸಾಮಾನು ಹೋದ ಮನಿಯವ್ರು ಮತ್ತೇನ್ ಮಾಡ್ಬೇಕು?” ಎನ್ನುತ್ತಾರೆ ನನಗೆ.

ಗುಡ್ಡದ ಮೇಲೆ ಸೂರ್ಯ ಕಾಣಿಸುತ್ತಾನೆ. ಅಮೀನರು ಚಪ್ಪಲಿ ಕಳಚಿ ಚಿಲಕ ಬಡಿಯುತ್ತಾರೆ.

“ಉಜ್ಜಿನಪ್ಪಾ, ಮೊದಲು ಬಾಣಂತೀನ ಹಿಂದಿನ ಕೋಣಿಗೆ ಕರಕೊಂಡು ಹೋಗು. ಆಮ್ಯಾಗ ಬಾಗಲಾ ತಗಿ. ನಾ ನಿಂದರ್ತೀನಿ.”

ಒಳಗೆ ಹೆಜ್ಜೆ ಸಪ್ಪಳ. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯುತ್ತದೆ. ಡ್ರೈವರು ಕಾರಿನ ಮೂತಿಗೆ ತೂರಿಸಿ ತಿರುವಿ ಚಾಲೂ ಮಾಡುವ ಕಬ್ಬಿಣದ ಹ್ಯಾಂಡಲ್ ಎತ್ತಿಕೊಳ್ಳುತ್ತಾನೆ. ಅಮೀನರು ಅವನ ಕೈ ಹಿಡಿಯುತ್ತಾರೆ.

“ಕೂಸು ಮಲಗೇತಿ. ನೂಕ್ರಿ.”

“ಇದು ಯಾವ ಕಾಯ್ದೆರಿ?” ರಾಯರು ಕೇಳುತ್ತಾರೆ.

ಅಮೀನರು ಕಾರಿಗೆ ಹೆಗಲು ಕೊಟ್ಟಿದ್ದಾರೆ. ಒಂದು ಕ್ಷಣ ನೋಡುತ್ತ ನಿಂತ ಉಜ್ಜಿನಪ್ಪ ಇನ್ನೊಂದು ಬದಿಗೆ ಬಂದು ತಾನೂ ನೂಕುತ್ತಾನೆ. ತನ್ನದೇ ಕಾರು. ಓಣಿಯ ತುದಿಯವರೆಗೆ ನೂಕಿಯೇ ಒಯ್ಯುತ್ತಾರೆ. ಸರ್ಕಾರದ ಅಷ್ಟೂ ಬಲ ಬರಿಗಾಲಲ್ಲಿ, ಕೆಮ್ಮನ್ನೂ ತಡೆದುಕೊಂಡು ಹೊಸ್ತಿಲು ದಾಟಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಕೂಸು ಏಳಲಿಲ್ಲ.

ಮುಂದಿನ ಆಸೆ ಏನೆಂದು ಕೇಳಿದೆ. ಅಮೀನರು ಬಾಗಿಲಿಗೆ ಮರಳಿ ಬಂದು ಚಪ್ಪಲಿ ಮೆಟ್ಟುತ್ತ ಹೇಳಿದರು.

“ಪಿಂಚಣಿ ಆದಮ್ಯಾಗ ಹಿಂಗ ಓಣ್ಯಾಗ ಹೊಂಟಾಗ, ಯಾರರ ಒಬ್ಬರು ‘ಒಳಗ ಬರ್ರಿ, ಕುಂದ್ರಿ’ ಅಂದ್ರ ಸಾಕ್ರಿ, ತಾಯಿ.”