ಊಟ ಆಯಿತೇ ಎಂದು ಕೇಳುವ ಖಳನಾಯಕ

"ಗುರುಗಳೇ, ಈ ಮನಷ್ಯಾ ಮುಂಜಾನೆ ಎದ್ದು ಏನ್ ಮಾಡ್ತಾನ್ರಿ?"

ಹೊರನಾಡಿನ ಈ ಮಹಾನಗರದ ಕುಷಾಯಿಗೂಡ ಬಡಾವಣೆಯ ಶಾಲೆಯೊಂದರ ಅಂಗಳದಲ್ಲಿ ನಮ್ಮ ಕನ್ನಡ ಬಳಗದ ನಾಟಕದ ರಿಹರ್ಸಲ್ ನಡೆದಿದ್ದಾಗ ಶರಣಪ್ಪ ಮೇಸ್ತ್ರಿ ಕೇಳಿದ ಪ್ರಶ್ನೆಯಿದು. ನಾಟಕ ನಾನೇ ಬರೆದದ್ದು. ಆತನದು ಖಳನಾಯಕನ ಪಾತ್ರ. ಹಳ್ಳಿಗಳಿಂದ ಕೂಲಿಯಾಳುಗಳನ್ನು ಕರೆತಂದು, ಸೊಂಟಕ್ಕೊಂದು ಹಗ್ಗವನ್ನೂ ಕಟ್ಟಿಸದೆ ಕಟ್ಟಡಕ್ಕೆ ಕಟ್ಟಿದ ಎತ್ತರದ ಸಾರುವೆ ಹತ್ತಿಸುವ ಗುತ್ತೇದಾರ.

"ಖಳನಾಯಕ ಎದ್ದು ಇನ್ನೇನು ಮಾಡುತ್ತಾನಪ್ಪ? ಖಳತನ ಮಾಡುತ್ತಾನೆ" ಎಂದೆ. ಸುತ್ತಲಿದ್ದವರು ನಕ್ಕರು. (ಎಪ್ಪತ್ತು ದಾಟಿದವನ ಹಾಸ್ಯಕ್ಕೆ ಜನ ನಗುವುದು ಬಹುಪಾಲು ಮರ್ಯಾದೆಯಿಂದ.)

ಶರಣಪ್ಪ ನಗಲಿಲ್ಲ. "ಹಂಗಲ್ರಿ. ನೀವು ಅವಗ ಮೀಸಿ ಕೊಟ್ಟೀರಿ. ಮೂರು ಸಲ ಹಹ್ಹಹ್ಹಾ ಅನ್ನಾಕ ಹಚ್ಚೀರಿ. ಹಿಂಗ ನಗಾಂವನ ಬೆನ್ನ ಹತ್ತಿ ಯಾರರ ಊರು ಬಿಟ್ಟು ಬರ್ತಾರೇನ್ರಿ?"

ಈ ಪ್ರಶ್ನೆ ಕೇಳುವ ಅಧಿಕಾರ ಆತನಿಗಿತ್ತು. ಯಾದಗಿರಿ ಕಡೆಯವನು. ನಗರದ ಪಶ್ಚಿಮಕ್ಕೆ ಐಟಿ ಕಂಪನಿಗಳಿಗಾಗಿ ಏಳುತ್ತಿರುವ ಗಾಜಿನ ಕಟ್ಟಡಗಳಲ್ಲಿ ಆತನ ಮೂವತ್ತು ಜನರ ಗ್ಯಾಂಗು ದುಡಿಯುತ್ತದೆ. ಕಳೆದ ವರ್ಷ ನಾವು ಹೊಕ್ಕ ಅಪಾರ್ಟ್‌ಮೆಂಟಿನ ಹೊರಗೋಡೆಗೆ ಗಿಲಾವು ಮಾಡಿದವರೂ ಅವರೇ. ದೊಡ್ಡ ದನಿ, ದೊಡ್ಡ ಮೈಕಟ್ಟು ನೋಡಿ ನಾನೇ ಒತ್ತಾಯ ಮಾಡಿ ಪಾತ್ರ ಕೊಟ್ಟಿದ್ದೆ. ಆತನ ಸಂಕಟ ಆಮೇಲೆ ತಿಳಿಯಿತು.

"ಮುಂದಿನ ಸಾಲಿನಾಗ ನಮ್ಮ ಮಂದೀನ ಕುಂದರ್ತಾರ. ಸುಳ್ಳ ಮಾಡಿದ್ರ ನಗ್ತಾರ. ಖರೇ ಮಾಡಿದ್ರ ಮರುದಿನ ಸೈಟಿನಾಗ ಅವರಿಗೆ ಮಾರಿ ಹೆಂಗ ತೋರಸ್ಲಿ?"

ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಕಾವ್ಯ, ಅಲಂಕಾರಗಳನ್ನು ಓದಿದವನು ನಾನು. ರಸ, ಭಾವಗಳ ಲಕ್ಷಣ ಕೇಳಿದರೆ ಇಂದಿಗೂ ತಡವರಿಸದೆ ಹೇಳಬಲ್ಲೆ. ಆದರೂ ಖಳನಿಗೆ ಜೀವ ತುಂಬುವುದೆಂದರೆ ಕಷಾಯಕ್ಕೆ ಬೆಲ್ಲ ಹಾಕಿದಂತೆ ಒಂದಿಷ್ಟು ಒಳ್ಳೆಯತನ ಬೆರೆಸುವುದು ಎಂದೇ ತಿಳಿದಿದ್ದೆ. "ಹಾಗಾದರೆ ಅವನಿಗೊಬ್ಬಳು ಕಾಯಿಲೆಯ ತಾಯಿ ಇರಲಿ" ಎಂದೆ.

"ಬ್ಯಾಡ್ರಿ. ಇವನ ಕೆಲಸಕ್ಕ ಪಾಪ ಆ ಮುದುಕೀನ ಯಾಕ ಜಡ್ಡಿಗೆ ಕೆಡವತೀರಿ?"

ಮತ್ತೆ ತಾನೇ ದಾರಿ ತೋರಿಸಿದ. ಗುತ್ತೇದಾರ ತಾನು ಕೆಟ್ಟವನೆಂದು ತಿಳಿದಿಲ್ಲ. ಮೂವತ್ತು ಮನೆಗಳ ಒಲೆ ತನ್ನಿಂದ ಉರಿಯುತ್ತದೆಂದು ನಂಬಿದ್ದಾನೆ. ಬೆಳಿಗ್ಗೆ ಬಂದವನೇ ಪ್ರತಿಯೊಬ್ಬರನ್ನೂ ಊಟ ಆಯಿತೇ ಎಂದು ಕೇಳುತ್ತಾನೆ. ಮನಸ್ಸಿನಿಂದಲೇ ಕೇಳುತ್ತಾನೆ. ಆಮೇಲೆ ಅದೇ ದನಿಯಲ್ಲಿ ಮೇಲೆ ಹತ್ತಲು ಹೇಳುತ್ತಾನೆ.

ಅಟ್ಟಹಾಸಕ್ಕಿಂತ ಇದು ಭಯಂಕರವೆಂದು ನನಗೆ ಅಂದೇ ಅನ್ನಿಸಿತು. ಆ ಅಕ್ಕರೆ ನಟನೆಯಾಗಿದ್ದರೆ ನಾವು ಪಾರಾಗಿಬಿಡುತ್ತಿದ್ದೆವು. ಅಕ್ಕರೆ ನಿಜ, ಅಪರಾಧವೂ ನಿಜ ಎಂದಾದಾಗ ಪ್ರೇಕ್ಷಕ ಎಲ್ಲಿಗೆ ಓಡಬೇಕು?

ನನ್ನ ಹಾಸ್ಯಪಾತ್ರಕ್ಕೂ ಇದೇ ಗತಿಯಾಯಿತು. ಗುತ್ತೇದಾರನ ಬಾಲಬಡುಕನೊಬ್ಬನನ್ನು ಮೂರು ಸಲ ಎಡವಿ ಬೀಳಿಸಿದ್ದೆ. "ಬೀಳೂದು ಇರಲಿ, ಅಂವ ನಗಸೂದು ಯಾಕ್ರಿ?" ಎಂದ ಶರಣಪ್ಪ. "ನಮ್ಮ ಗ್ಯಾಂಗಿನಾಗೂ ಒಬ್ಬಾಂವ ಅದಾನ. ಧಣಿ ನಗಾಕತ್ತಿದ್ರ ತನ್ನ ಮ್ಯಾಲ ಕಳಸೂದು ಮರೀತಾನಂತ ಅವನ ಆಸೆ." ಒಂದೇ ಮಾತು, ವಿದೂಷಕನ ಹೊಟ್ಟೆಯೊಳಗಿದ್ದ ಭಯ ಹೊರಗೆ ಬಂತು. ಆಮೇಲೆ ಅವನು ಎಡವಿದಾಗಲೆಲ್ಲ ನಾನು ನಕ್ಕೆ, ಆದರೆ ಮೊದಲಿನಂತಲ್ಲ.

ಭಾನುವಾರ ಸಂಜೆ ನಾಟಕ. ಪರದೆ ಏಳುವ ಮುನ್ನ ರಂಗಪೂಜೆ ನಮ್ಮಲ್ಲಿ ತಪ್ಪುವುದಿಲ್ಲ. ಬಣ್ಣ ಹಚ್ಚಿದ ಮೇಲೆ ಎಲ್ಲರೂ ಗಣಪತಿಯ ಮುಂದೆ ನಿಲ್ಲಬೇಕು. ಎಲ್ಲರಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿ ನಿಂತವನು ಖಳನಾಯಕನೇ. ಏನು ಬೇಡಿಕೊಂಡನೋ ಕೇಳಲಿಲ್ಲ.

ಎರಡನೆಯ ಅಂಕ. ಶರಣಪ್ಪ ರಂಗದ ಮೇಲಿನ ಆಳುಗಳತ್ತ ತಿರುಗಿ, ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು, ಕೇಳಿದ: "ಊಟಾ ಆತೇನ್ರಪಾ?"

ರಂಗದ ಮೇಲಿದ್ದವರು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಉತ್ತರಿಸಿದಳು: "ಆತ್ರಿ ಮೇಸ್ತ್ರಿ."

ಆತನ ಗ್ಯಾಂಗಿನ ಸಿದ್ದಮ್ಮ. ದಿನವೂ ಹೇಳುವ ಮಾತು, ರೂಢಿಯ ಬಲದಿಂದ ಬಂದುಬಿಟ್ಟಿತು. ನಾಟಕದ ಧಣಿಗಲ್ಲ, ತನ್ನ ಮೇಸ್ತ್ರಿಗೇ ಉತ್ತರ ಕೊಟ್ಟಿದ್ದಳು. ಸಭೆ ಗೊಳ್ಳೆಂದಿತು. ಮರುಕ್ಷಣವೇ, ಮುಂದಿನ ಮಾತು ಏನಿರಬಹುದೆಂದು ಎಲ್ಲರಿಗೂ ಹೊಳೆದಂತೆ, ನಗು ನಿಂತಿತು.

ಶರಣಪ್ಪ ಆಕೆಯನ್ನೇ ನೋಡಿದ. ಮಾತು ಮರೆತನೇ? ಪರದೆಯ ಹಿಂದಿನಿಂದ ನಾನು ಸಾಲು ಎತ್ತಿಕೊಡಲು ಹೊರಟೆ. ಅಷ್ಟರಲ್ಲಿ ಮೆಲ್ಲಗೆ, ಬಹಳ ಮೆಲ್ಲಗೆ ಆತ ಹೇಳಿದ: "ಹಂಗಾರ ಮ್ಯಾಲ ಹತ್ರಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಖಳನಾಯಕನಿಗೆ ಅದಕ್ಕಿಂತ ದೊಡ್ಡ ಸನ್ಮಾನ ನಾನು ಕಂಡಿಲ್ಲ.

ನಾಟಕ ಮುಗಿದು ಶರಣಪ್ಪ ಕೊಬ್ಬರಿ ಎಣ್ಣೆಯಿಂದ ಬಣ್ಣ ತೆಗೆಯುತ್ತಿದ್ದಾಗ ಸಿದ್ದಮ್ಮ ಬಾಗಿಲಲ್ಲಿ ನಿಂತಳು. "ಚಲೋ ಮಾಡಿದ್ರಿ ಮೇಸ್ತ್ರಿ. ನಾಳಿಗೆ ಹಗ್ಗಾ ತರ್ತೀರಿಲ್ಲೋ?" ದನಿಯಲ್ಲಿ ನಗುವಿತ್ತು, ಕಣ್ಣಲ್ಲಿ ಇರಲಿಲ್ಲ.

"ತರ್ತೀನವಾ" ಎಂದ, ತಲೆ ಎತ್ತದೆ.

ಆಕೆ ಹೋದ ಮೇಲೆ, ಲೇಖಕನ ಕುತೂಹಲ ತಡೆಯಲಾರದೆ ಕೇಳಿದೆ: "ಆ ಊಟದ ಮಾತು ನಿನಗೆ ಹೇಗೆ ಹೊಳೆಯಿತು ಶರಣಪ್ಪ?"

"ನಂದಲ್ರಿ ಅದು, ನಿಮ್ಮದ." ಒಂದು ಕೆನ್ನೆಯ ಬಣ್ಣ ಇನ್ನೂ ಹಾಗೇ ಇತ್ತು. "ಹೋದ ವರ್ಷ ನಿಮ್ಮ ಬಿಲ್ಡಿಂಗಿಗೆ ಬಂದಿದ್ರಿ. ಊಟಾ ಆತೇನಪಾ ಅಂದ್ರಿ. ಭಾಳ ಪ್ರೀತೀಲೆ ಕೇಳಿದ್ರಿ. ಆಮ್ಯಾಲ ಆಷಾಢ ಬರೂದ್ರೊಳಗ ಗೃಹಪ್ರವೇಶ ಆಗಬೇಕು, ಮುಹೂರ್ತ ಇಟ್ಟೀನಿ, ಹೆಂಗರ ಮಾಡಿ ಮುಗಸು ಅಂದ್ರಿ. ಹಗ್ಗಾ ಕಟ್ಟಕೋಂತ ಕುಂತ್ರ ಮುಗೀತಿದ್ದಿಲ್ರಿ."

ನೆನಪಾಯಿತು. ಮುಹೂರ್ತ ಶುಭವಾಗಿತ್ತು. ಹಾಲು ಉಕ್ಕಿತ್ತು. ಯಾರೂ ಬೀಳಲಿಲ್ಲ, ದೇವರ ದಯೆ. ಅದರಲ್ಲಿ ನನ್ನ ಪಾಲೇನೂ ಇರಲಿಲ್ಲ. ನನ್ನ ಖಳನಿಗೆ ಆ ಮೀಸೆ, ಆ ಅಟ್ಟಹಾಸ ಏಕೆ ಬೇಕಾಗಿತ್ತೆಂದು ಈಗ ಗೊತ್ತಾಗಿದೆ: ನನ್ನ ಗುರುತು ನನಗೇ ಸಿಗದಿರಲೆಂದು.

ಇನ್ನೊಮ್ಮೆ ಈ ನಾಟಕ ಆಡಿಸಿದರೆ ಗುತ್ತೇದಾರನಿಗೆ ಮೀಸೆ ಅಂಟಿಸುವುದಿಲ್ಲ; ಕೈಗೊಂದು ಪಂಚಾಂಗ ಕೊಡುತ್ತೇನೆ.